ವ್ಯಾನಿನ ಕಿಟಕಿಗೆ ಕಾಣದ ಯೆಲ್ಲೋಸ್ಟೋನ್

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಉತ್ತರದ ಬಾಗಿಲಿನಲ್ಲಿ ಕಲ್ಲಿನ ದೊಡ್ಡದೊಂದು ಕಮಾನು ಇದೆ. 1903ರಲ್ಲಿ ಅಂದಿನ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅದಕ್ಕೆ ಅಡಿಗಲ್ಲಿಟ್ಟರು. ಈ ಉದ್ಯಾನವು ಜನರ ಹಿತಕ್ಕಾಗಿ, ಜನರ ಸಂತೋಷಕ್ಕಾಗಿ ಎಂಬ ಅರ್ಥದ ಮಾತನ್ನು ಅದರ ನೆತ್ತಿಯ ಮೇಲೆ ಕೆತ್ತಲಾಗಿದೆ. ಪ್ರವಾಸಿಗರನ್ನು ತುಂಬಿಕೊಂಡ ವ್ಯಾನುಗಳು ಆ ಕಮಾನಿನ ಬಳಿ ಕ್ಷಣಕಾಲ ನಿಲ್ಲುತ್ತವೆ, ಫೋಟೋ ತೆಗೆದದ್ದಾದ ಮೇಲೆ ಮುಂದೆ ಸಾಗುತ್ತವೆ. ಜನರು ಎಂದರೆ ಯಾವ ಜನರು ಎಂದು ಕೇಳುವಷ್ಟು ಹೊತ್ತು ಅಲ್ಲಿ ಯಾರೂ ನಿಲ್ಲುವುದಿಲ್ಲ.

ಆ ಪ್ರಶ್ನೆಯನ್ನು ಕೇಳಬೇಕಾದವರು ಪಶ್ಚಿಮ ಘಟ್ಟದ ಜನ. ಏಕೆಂದರೆ 1872ರ ಮಾರ್ಚ್ 1ರಂದು ಅಧ್ಯಕ್ಷ ಯುಲಿಸೆಸ್ ಗ್ರಾಂಟ್ ಸಹಿ ಹಾಕಿದ ಕಾನೂನಿನಿಂದ ಹುಟ್ಟಿದ ಯೆಲ್ಲೋಸ್ಟೋನ್ ಕೇವಲ ಒಂದು ಕಾಡಿನ ಹೆಸರಲ್ಲ. ಅದೊಂದು ಅಚ್ಚು. ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ ಎಂದು ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಆ ಹೆಸರಿನ ಹಿಂದೆ, ಕಾಡೆಂದರೆ ಹೇಗಿರಬೇಕು, ಅದರೊಳಗೆ ಯಾರು ಇರಬೇಕು, ಯಾರು ಇರಬಾರದು ಎಂಬ ತೀರ್ಮಾನವೊಂದು ಅಡಗಿದೆ. ಆ ತೀರ್ಮಾನ ಕುದುರೆಮುಖ, ನಾಗರಹೊಳೆಗಳ ಮಣ್ಣಿನವರೆಗೂ ಬಂದು ಮುಟ್ಟಿದೆ.

ರಸ್ತೆಯಿಂದ ಕಾಣುವುದು

ಸುಮಾರು 9,000 ಚದರ ಕಿಲೋಮೀಟರ್ ವಿಸ್ತಾರದ ಈ ಉದ್ಯಾನ ವಯೋಮಿಂಗ್, ಮೊಂಟಾನಾ, ಐಡಾಹೊ ಎಂಬ ಮೂರು ರಾಜ್ಯಗಳಲ್ಲಿ ಹರಡಿಕೊಂಡಿದೆ. ಇದರ ಬಹುಪಾಲು ವಯೋಮಿಂಗ್‌ಗೆ ಸೇರಿದ್ದು. ಒಳಗೆ ಇಂಗ್ಲಿಷಿನ ಎಂಟರ ಅಂಕಿಯ ಆಕಾರದಲ್ಲಿ ಸುತ್ತುವ ಸುಮಾರು 230 ಕಿಲೋಮೀಟರ್ ಉದ್ದದ ಡಾಂಬರು ರಸ್ತೆಯಿದೆ. ವ್ಯಾನಿನ ಪ್ರಯಾಣವೆಲ್ಲ ಈ ರಸ್ತೆಯ ಮೇಲೆಯೇ. ಬಹುಪಾಲು ಪ್ರವಾಸಿಗರು ಈ ರಸ್ತೆಯನ್ನು ಬಿಟ್ಟು ಬಹುದೂರ ಹೋಗುವುದಿಲ್ಲ.

ಆ ರಸ್ತೆಯ ಬದಿಯಲ್ಲಿ ಕಾಣುವ ನೋಟಗಳು ಅಸಾಮಾನ್ಯವಾದವು ಎಂಬುದರಲ್ಲಿ ಸಂದೇಹವಿಲ್ಲ. ಆರು ಲಕ್ಷಕ್ಕೂ ಹೆಚ್ಚು ವರ್ಷಗಳ ಹಿಂದೆ ಸಿಡಿದು ಕುಸಿದ ಮಹಾ ಜ್ವಾಲಾಮುಖಿಯ ಬಾಯಿಯ ಮೇಲೆಯೇ ಈ ಉದ್ಯಾನ ಕುಳಿತಿದೆ. ಮಳೆಯ ನೀರು, ಹಿಮ ಕರಗಿದ ನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕಿಳಿದು, ಒಳಗಿನ ಕಾವಿಗೆ ಬಿಸಿಯಾಗುತ್ತದೆ. ಮೇಲಿನ ನೀರಿನ ಭಾರದಿಂದಾಗಿ ಕೆಳಗಿನ ನೀರು ಕುದಿಯುವ ಮಟ್ಟವನ್ನು ಮೀರಿ ಕಾದರೂ ಆವಿಯಾಗಲಾರದೆ ತಡೆದುಕೊಂಡಿರುತ್ತದೆ. ಇಕ್ಕಟ್ಟಾದ ಕೊಳವೆಯಲ್ಲಿ ಮೇಲಿನ ನೀರು ಸ್ವಲ್ಪ ಉಕ್ಕಿ ಹೊರಚೆಲ್ಲಿದೊಡನೆ ಭಾರ ಇಳಿದು, ಕೆಳಗಿನ ನೀರು ಒಮ್ಮೆಲೇ ಆವಿಯಾಗಿ ಸಿಡಿದೇಳುತ್ತದೆ. ಇದೇ ಗೀಸರ್, ಅಂದರೆ ಚಿಮ್ಮುವ ಬಿಸಿನೀರಿನ ಬುಗ್ಗೆ. ಪಟ್ಟಣದ ಬಚ್ಚಲುಮನೆಗಳಲ್ಲಿ ನೀರು ಕಾಯಿಸುವ ಯಂತ್ರಕ್ಕಿರುವ ಹೆಸರು ಕೂಡ ಐಸ್‌ಲ್ಯಾಂಡ್ ದೇಶದ ಇಂತಹ ಒಂದು ಬುಗ್ಗೆಯ ಹೆಸರಿನಿಂದಲೇ ಬಂದುದು. ಯೆಲ್ಲೋಸ್ಟೋನಿನಲ್ಲಿ ಬಿಸಿನೀರಿನ ತಾಣಗಳು ಹತ್ತು ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಚಿಮ್ಮುವ ಬುಗ್ಗೆಗಳೇ ಐನೂರಕ್ಕೂ ಮಿಗಿಲು. ಜಗತ್ತಿನಲ್ಲಿ ಜೀವಂತವಾಗಿರುವ ಇಂತಹ ಬುಗ್ಗೆಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಇಲ್ಲಿಯೇ ಇವೆ. 'ಓಲ್ಡ್ ಫೇತ್‌ಫುಲ್' ಎಂಬ ಬುಗ್ಗೆ ಸುಮಾರು ಒಂದೂವರೆ ಗಂಟೆಗೊಮ್ಮೆ ಮೂವತ್ತರಿಂದ ಐವತ್ತೈದು ಮೀಟರ್ ಎತ್ತರಕ್ಕೆ ಚಿಮ್ಮುತ್ತದೆ. ಅದನ್ನು ನೋಡಲು ಬೆಂಚುಗಳನ್ನು ಹಾಕಲಾಗಿದೆ, ಚಿಮ್ಮುವ ಸಮಯವನ್ನು ಫಲಕದಲ್ಲಿ ಬರೆಯಲಾಗುತ್ತದೆ.

ನಂತರ ವ್ಯಾನು ಹೇಡನ್ ಕಣಿವೆ, ಲಮಾರ್ ಕಣಿವೆಗಳತ್ತ ಹೊರಡುತ್ತದೆ. ಮಲೆನಾಡಿನ ಕಾಟಿಯ ದೂರದ ಸಂಬಂಧಿಯಾದ ಬೈಸನ್‌ಗಳ ಹಿಂಡು ರಸ್ತೆಗೆ ಅಡ್ಡಲಾಗಿ ನಿಂತರೆ ವಾಹನಗಳ ಸಾಲು ಗಂಟೆಗಟ್ಟಲೆ ನಿಲ್ಲುತ್ತದೆ. ದೂರದ ಇಳಿಜಾರಿನಲ್ಲಿ ತೋಳವೋ, ಗ್ರಿಜ್ಲಿ ಕರಡಿಯೋ ಕಂಡರೆ ದುರ್ಬೀನುಗಳು ಹೊರಬರುತ್ತವೆ. ಸಂಜೆಗೆ ವ್ಯಾನು ಹೋಟೆಲಿಗೆ ಮರಳುತ್ತದೆ. ಮನುಷ್ಯನ ಕೈ ಸೋಕದ ಆದಿಮ ನಿಸರ್ಗವನ್ನು ಕಂಡೆವೆಂಬ ಧನ್ಯತೆ ಪ್ರವಾಸಿಗರದು. ಈ ಧನ್ಯತೆಯ ತಳಹದಿಯೇ ಸುಳ್ಳು.

ಕಾಡು ಖಾಲಿಯಾದ ಬಗೆ

ಮ್ಯಾಮತ್ ಎಂಬಲ್ಲಿಂದ ನಾರಿಸ್ ಎಂಬಲ್ಲಿಗೆ ಹೋಗುವ ದಾರಿಯಲ್ಲಿ, ವ್ಯಾನು ಒಂದೆರಡು ನಿಮಿಷಗಳಲ್ಲಿ ದಾಟಿಹೋಗುವ ಕಪ್ಪು ಬಂಡೆಯ ಗೋಡೆಯೊಂದಿದೆ. ಅದು ಜ್ವಾಲಾಮುಖಿಯಿಂದ ಹುಟ್ಟಿದ ಕಪ್ಪು ಗಾಜುಕಲ್ಲಿನ ಗೋಡೆ. ಹನ್ನೊಂದು ಸಾವಿರ ವರ್ಷಗಳಿಗೂ ಹಿಂದಿನಿಂದ ಜನರು ಅಲ್ಲಿ ಕಲ್ಲು ಒಡೆದು ಬಾಣದ ಮೊನೆ, ಚೂರಿಗಳನ್ನು ಮಾಡಿದ್ದಾರೆ. ಅಲ್ಲಿನ ಕಲ್ಲು ಎರಡು ಸಾವಿರ ಕಿಲೋಮೀಟರಿಗೂ ಆಚೆ ಒಹಾಯೊ ಪ್ರದೇಶದ ಪ್ರಾಚೀನ ಸಮಾಧಿ ದಿಬ್ಬಗಳಲ್ಲಿ ದೊರೆತಿದೆ. ಮನುಷ್ಯನ ಕೈ ಸೋಕದ ನೆಲವೆಂದು ಕರೆಯಲ್ಪಡುವ ಜಾಗದ ಕಥೆ ಇದು.

ಇಂದು 27 ಮೂಲನಿವಾಸಿ ಬುಡಕಟ್ಟುಗಳು ಯೆಲ್ಲೋಸ್ಟೋನಿನೊಂದಿಗೆ ಸಂಬಂಧ ಹೊಂದಿರುವುದಾಗಿ ಉದ್ಯಾನದ ಆಡಳಿತವೇ ಗುರುತಿಸಿದೆ. ಶೊಶೋನಿ, ಬ್ಯಾನಕ್, ಕ್ರೋ, ಬ್ಲ್ಯಾಕ್‌ಫೀಟ್, ನೆಝ್ ಪರ್ಸ್ ಮೊದಲಾದವರು ಬೇಟೆಗೆ, ಗೆಡ್ಡೆ ಗೆಣಸಿಗೆ, ಗಾಜುಕಲ್ಲಿಗೆ, ಬಿಸಿನೀರಿನ ಬುಗ್ಗೆಗಳ ಬಳಿ ನಡೆಸುವ ಆಚರಣೆಗಳಿಗೆ ಈ ನೆಲಕ್ಕೆ ಬಂದು ಹೋಗುತ್ತಿದ್ದರು. ಶೊಶೋನಿಗಳಲ್ಲೇ ಒಂದು ಗುಂಪಾದ ತುಕುಡಿಕಾ ಜನ, ಅಂದರೆ ಬೆಟ್ಟದ ಕುರಿಯನ್ನು ಬೇಟೆಯಾಡಿ ತಿನ್ನುವವರು, ಇಲ್ಲಿನ ಎತ್ತರದ ಬೆಟ್ಟಗಳಲ್ಲೇ ವಾಸವಾಗಿದ್ದರು. ಬೆಟ್ಟದ ಕುರಿಯ ಕೊಂಬನ್ನು ಕಾಯಿಸಿ, ಬಾಗಿಸಿ ಅವರು ಮಾಡುತ್ತಿದ್ದ ಬಿಲ್ಲುಗಳಿಗೆ ನೆರೆಹೊರೆಯ ಬುಡಕಟ್ಟುಗಳಲ್ಲಿ ದೊಡ್ಡ ಹೆಸರಿತ್ತು.

ಇವರೆಲ್ಲ ಎಲ್ಲಿಗೆ ಹೋದರು? ಅವರಾಗಿ ಹೋದದ್ದಲ್ಲ. 1870ರ ಜನವರಿಯಲ್ಲಿ ಮೊಂಟಾನಾದ ಮರಾಯಸ್ ನದಿಯ ದಡದಲ್ಲಿ ಅಮೆರಿಕದ ಸೈನ್ಯ ಬ್ಲ್ಯಾಕ್‌ಫೀಟ್ ಸಮುದಾಯದ ಪೀಗನ್ ಜನರ ಬಿಡಾರದ ಮೇಲೆರಗಿ 170ಕ್ಕೂ ಹೆಚ್ಚು ಜನರನ್ನು ಕೊಂದಿತು. ಸತ್ತವರಲ್ಲಿ ಬಹುಪಾಲು ಹೆಂಗಸರು, ಮಕ್ಕಳು, ಮುದುಕರು. ಆ ದಾಳಿಯಲ್ಲಿ ಪಾಲ್ಗೊಂಡ ಗುಸ್ತಾವಸ್ ಡೋನ್ ಎಂಬ ಸೇನಾಧಿಕಾರಿಯೇ ಅದೇ ವರ್ಷದ ಬೇಸಿಗೆಯಲ್ಲಿ ಯೆಲ್ಲೋಸ್ಟೋನಿನ ಅನ್ವೇಷಣೆಗೆ ಹೊರಟ ತಂಡದ ಕಾವಲಿಗೆ ನಿಂತ. ಓಲ್ಡ್ ಫೇತ್‌ಫುಲ್ ಎಂಬ ಹೆಸರಿಟ್ಟುದು ಆ ತಂಡ. ಆ ತಂಡದ ಸದಸ್ಯ ನಥಾನಿಯಲ್ ಲಾಂಗ್‌ಫರ್ಡ್ ಊರೂರು ತಿರುಗಿ ಈ ಅದ್ಭುತಗಳ ಬಗ್ಗೆ ಉಪನ್ಯಾಸ ಮಾಡಿದ. ಅದಕ್ಕೆ ಹಣ ಕೊಟ್ಟದ್ದು ಆ ಕಡೆಗೆ ಹಳಿ ಹಾಕಲು ಹೊರಟಿದ್ದ ನಾರ್ದರ್ನ್ ಪೆಸಿಫಿಕ್ ರೈಲ್ವೆ ಕಂಪನಿ. ಕೃಷಿಗೆ ಒದಗದ, ಗಣಿಗೂ ಬಾರದ ನಿರುಪಯೋಗಿ ನೆಲವಿದು, ಉದ್ಯಾನ ಮಾಡಿದರೆ ಯಾರಿಗೂ ನಷ್ಟವಿಲ್ಲ ಎಂಬ ವಾದವನ್ನು ಭೂವಿಜ್ಞಾನಿ ಫರ್ಡಿನಂಡ್ ಹೇಡನ್ ಶಾಸನಸಭೆಯ ಮುಂದಿಟ್ಟರು. ಆ ಲೆಕ್ಕದಲ್ಲಿ ಬೆಟ್ಟದ ಜನರ ನಷ್ಟಕ್ಕೆ ಜಾಗವಿರಲಿಲ್ಲ. 1883ರ ಹೊತ್ತಿಗೆ ರೈಲು ಉದ್ಯಾನದ ಉತ್ತರದ ಬಾಗಿಲ ಸಮೀಪಕ್ಕೆ ಬಂದು ನಿಂತಿತು.

1877ರಲ್ಲಿ, ಉದ್ಯಾನಕ್ಕೆ ಐದು ವರ್ಷ ತುಂಬಿದಾಗ, ತಮ್ಮ ನೆಲದಿಂದ ಹೊರದೂಡಲ್ಪಟ್ಟ ನೆಝ್ ಪರ್ಸ್ ಬುಡಕಟ್ಟಿನ ಸುಮಾರು 800 ಜನ ಮಕ್ಕಳು ಮರಿಗಳೊಂದಿಗೆ, ಬೆನ್ನಟ್ಟಿದ ಸೈನ್ಯದಿಂದ ತಪ್ಪಿಸಿಕೊಳ್ಳುತ್ತ ಇದೇ ಉದ್ಯಾನವನ್ನು ಹಾದುಹೋದರು. ಕೆನಡಾದ ಗಡಿಗೆ ಸುಮಾರು 65 ಕಿಲೋಮೀಟರ್ ಇದೆ ಎನ್ನುವಾಗ ಸೆರೆಯಾದರು. ಈ ಘಟನೆಯಿಂದ ಪ್ರವಾಸಿಗರು ಹೆದರಬಾರದೆಂದು ಅಂದಿನ ಮೇಲ್ವಿಚಾರಕ ಫಿಲೆಟಸ್ ನಾರಿಸ್ ಬುಡಕಟ್ಟುಗಳನ್ನು ಉದ್ಯಾನದಿಂದ ದೂರವಿಡಲು ಶ್ರಮಿಸಿದ. ತುಕುಡಿಕಾ ಜನರನ್ನು ವಿಂಡ್ ರಿವರ್ ಮೊದಲಾದ ಮೀಸಲು ಪ್ರದೇಶಗಳಿಗೆ ಸಾಗಿಸಲಾಯಿತು. ಇಷ್ಟೂ ಆದ ಮೇಲೆ ಹುಟ್ಟಿಕೊಂಡದ್ದು ಇನ್ನೊಂದು ಕಥೆ. ಚಿಮ್ಮುವ ಬುಗ್ಗೆಗಳಿಗೆ ಹೆದರಿ ಇಂಡಿಯನ್ನರು ಈ ನೆಲಕ್ಕೆ ಕಾಲಿಡುತ್ತಲೇ ಇರಲಿಲ್ಲವಂತೆ! ಹೊರಗಟ್ಟಿದವರೇ, ಅವರು ಇಲ್ಲಿ ಇರಲೇ ಇಲ್ಲವೆಂದು ಸಾರಿದರು. ಈ ಕಟ್ಟುಕಥೆ ಪ್ರವಾಸಿ ಪುಸ್ತಕಗಳಲ್ಲಿ ಬಹುಕಾಲ ಬದುಕಿತು.

ಕಾಗದದ ಮೇಲಿನ ಹಕ್ಕುಗಳಿಗೂ ಇದೇ ಗತಿಯಾಯಿತು. 1868ರ ಒಪ್ಪಂದದಲ್ಲಿ ಬ್ಯಾನಕ್ ಮತ್ತು ಶೊಶೋನಿ ಜನರಿಗೆ ಖಾಲಿಯಿರುವ ಸರ್ಕಾರಿ ನೆಲದಲ್ಲಿ ಬೇಟೆಯಾಡುವ ಹಕ್ಕನ್ನು ನೀಡಲಾಗಿತ್ತು. ವಯೋಮಿಂಗ್ ರಾಜ್ಯವಾದೊಡನೆ ಆ ಹಕ್ಕು ಅಳಿಯಿತೆಂದು 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ರಾಜ್ಯವಾದ ಮಾತ್ರಕ್ಕೆ ಒಪ್ಪಂದದ ಹಕ್ಕು ಅಳಿಯುವುದಿಲ್ಲವೆಂದು ಅದೇ ನ್ಯಾಯಾಲಯ ಕ್ರೋ ಬುಡಕಟ್ಟಿನವರ ಪ್ರಕರಣದಲ್ಲಿ ಹೇಳಿದ್ದು 2019ರಲ್ಲಿ. ನಡುವೆ ಕಳೆದದ್ದು 123 ವರ್ಷ. ಯೆಲ್ಲೋಸ್ಟೋನ್ ಸರೋವರದ ಪೂರ್ವಕ್ಕಿರುವ ಬೆಟ್ಟಕ್ಕಿದ್ದ ಡೋನ್‌ನ ಹೆಸರನ್ನು ಅಳಿಸಿ 'ಮೊದಲ ಜನರ ಬೆಟ್ಟ' ಎಂಬರ್ಥದ ಹೆಸರಿಟ್ಟದ್ದು 2022ರಲ್ಲಿ, ಉದ್ಯಾನಕ್ಕೆ 150 ವರ್ಷ ತುಂಬಿದಾಗ. ಹೆಸರು ಮರಳಿತು, ನೆಲ ಮರಳಲಿಲ್ಲ.

ಉಳಿದದ್ದನ್ನು ಅಲ್ಲಗಳೆಯಲಾಗದು

ಹಾಗಾದರೆ ಉದ್ಯಾನವೇ ಬೇಡವಾಗಿತ್ತೇ? ಇಲ್ಲಿ ಅವಸರದ ಉತ್ತರ ಅಪಾಯಕಾರಿ. ಚಿಮ್ಮುವ ಬುಗ್ಗೆಗಳು ಬಹಳ ನಾಜೂಕು. ನೆಲದೊಳಗಿನ ನೀರು, ಕಾವು, ಒತ್ತಡ ಈ ಮೂರರಲ್ಲಿ ಯಾವುದು ಕದಡಿದರೂ ಅವು ಸಾಯುತ್ತವೆ. ನ್ಯೂಜಿಲೆಂಡಿನ ವೈರಾಕೆಯಲ್ಲಿ 1950ರ ದಶಕದಲ್ಲಿ ವಿದ್ಯುತ್ತಿಗಾಗಿ ನೆಲದಾಳದ ಬಿಸಿಯನ್ನು ಕೊರೆದು ತೆಗೆದ ಮೇಲೆ ಅಲ್ಲಿನ ಬುಗ್ಗೆಗಳ ಕಣಿವೆಯೇ ಬತ್ತಿಹೋಯಿತು. ಅದೇ ದೇಶದ ಒರಾಕೆ ಕೊರಾಕೊದಲ್ಲಿ 1961ರಲ್ಲಿ ಜಲವಿದ್ಯುತ್ ಅಣೆಕಟ್ಟಿನ ಹಿನ್ನೀರು ಬುಗ್ಗೆಗಳ ಬಹುಭಾಗವನ್ನು ನುಂಗಿತು. ಶರಾವತಿಯ ಹಿನ್ನೀರಿನಲ್ಲಿ ಊರುಗಳು ಮುಳುಗಿದ್ದನ್ನು ಕಂಡ ಮಲೆನಾಡಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಯೆಲ್ಲೋಸ್ಟೋನಿನ ಬುಗ್ಗೆಗಳು ಇಂದಿಗೂ ಚಿಮ್ಮುತ್ತಿವೆಯೆಂದರೆ ಕಾನೂನಿನ ಬೇಲಿ ಅಲ್ಲಿ ಕೊರೆಯುವ ಯಂತ್ರವನ್ನು ತಡೆದದ್ದರಿಂದ. 1990ರ ದಶಕದಲ್ಲಿ ಉದ್ಯಾನದ ಈಶಾನ್ಯದ ಅಂಚಿನಲ್ಲಿ ಚಿನ್ನದ ಗಣಿಯೊಂದು ತಲೆಯೆತ್ತಲು ಹವಣಿಸಿತು. 1995ರಲ್ಲಿ ಯೆಲ್ಲೋಸ್ಟೋನ್ ಅಪಾಯದಲ್ಲಿರುವ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. 1996ರಲ್ಲಿ ಸರ್ಕಾರ ಮಧ್ಯೆ ಪ್ರವೇಶಿಸಿ ಆ ಯೋಜನೆಯನ್ನು ಕೈಬಿಡಿಸಿತು.

ಹೀಗೆ ಉಳಿದ ನೀರಿನಿಂದ ಜಗತ್ತಿಗೆ ದೊರೆತ ಲಾಭವೂ ಸಣ್ಣದಲ್ಲ. 1960ರ ದಶಕದಲ್ಲಿ ಥಾಮಸ್ ಬ್ರಾಕ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ಇಲ್ಲಿನ ಬಿಸಿನೀರಿನಲ್ಲಿ ಬದುಕುವ ಬ್ಯಾಕ್ಟೀರಿಯಾ ಒಂದನ್ನು ಪತ್ತೆಮಾಡಿದರು. ಕಾವಿಗೆ ಕೆಡದ ಅದರ ಕಿಣ್ವವೇ ಪಿಸಿಆರ್ ಎಂಬ ಪರೀಕ್ಷಾ ವಿಧಾನಕ್ಕೆ ಆಧಾರವಾಯಿತು. 2020ರ ಕೊರೊನಾ ಕಾಲದಲ್ಲಿ ಮಲೆನಾಡಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೂಗಿನಿಂದ ತೆಗೆದ ದ್ರವವನ್ನು ಪರೀಕ್ಷಿಸಿದ್ದು ಈ ವಿಧಾನದಿಂದ. ನಿರುಪಯೋಗಿ ಎಂದು ಹೇಡನ್ ಹೇಳಿದ್ದ ನೆಲ ಅದು!

ಆದ್ದರಿಂದ ಜಗಳ ರಕ್ಷಣೆಯ ವಿರುದ್ಧವಲ್ಲ. ಕಾಡನ್ನು ಕಾಯುವುದು ಬೇರೆ, ಕಾಡನ್ನು ಖಾಲಿ ಮಾಡುವುದು ಬೇರೆ. ಯೆಲ್ಲೋಸ್ಟೋನಿನಲ್ಲಿ ಬುಗ್ಗೆಗಳನ್ನು ಉಳಿಸಿದ್ದು ಗಣಿ, ಅಣೆಕಟ್ಟು, ಕೊಳವೆಬಾವಿಗಳ ಮೇಲಿನ ನಿಷೇಧ. ತುಕುಡಿಕಾ ಜನರ ಗಡೀಪಾರಿನಿಂದ ಒಂದು ಬುಗ್ಗೆಯೂ ಉಳಿಯಲಿಲ್ಲ. ಈ ಎರಡನ್ನು ಒಂದೇ ಗಂಟಿನಲ್ಲಿ ಕಟ್ಟಿ, ಒಂದು ಬೇಕಾದರೆ ಇನ್ನೊಂದನ್ನೂ ಒಪ್ಪಲೇಬೇಕೆಂದು ಹೇಳುತ್ತ ಬಂದದ್ದೇ ಈ ಅಚ್ಚಿನ ಮೋಸ.

ಜನರನ್ನು ಹೊರಗಟ್ಟಿದ ಮೇಲೆ

ಜನರನ್ನು ಹೊರಗಟ್ಟಿದ ಮೇಲಾದರೂ ವನ್ಯಜೀವಿಗಳು ಸುಖವಾಗಿದ್ದವೇ? 1886ರಿಂದ 1918ರವರೆಗೆ ಉದ್ಯಾನದ ಆಡಳಿತ ಸೈನ್ಯದ ಕೈಯಲ್ಲಿತ್ತು. ಮ್ಯಾಮತ್‌ನಲ್ಲಿ ಇಂದು ಉದ್ಯಾನದ ಕಚೇರಿಗಳಿರುವ ಹಳೆಯ ಕಟ್ಟಡಗಳು ಅಂದಿನ ಸೇನಾ ಠಾಣ್ಯದವು. ಕದ್ದು ಬೇಟೆಯಾಡುವವರನ್ನು ಸೈನ್ಯ ಹತ್ತಿಕ್ಕಿದ್ದು ನಿಜ. 1902ರಲ್ಲಿ ಎರಡು ಡಜನಿನಷ್ಟಕ್ಕೆ ಇಳಿದಿದ್ದ ಬೈಸನ್‌ಗಳು ಈಗ ಸುಮಾರು ಐದು ಸಾವಿರಕ್ಕೆ ಏರಿರುವುದೂ ನಿಜ. ಆದರೆ ಅದೇ ಆಡಳಿತ ತೋಳಗಳನ್ನು ಕೆಟ್ಟ ಪ್ರಾಣಿಗಳೆಂದು ಬಗೆದು ಕೊಲ್ಲಿಸಿತು. 1926ರ ಹೊತ್ತಿಗೆ ಉದ್ಯಾನದ ತೋಳಗಳ ಹಿಂಡುಗಳು ನಿರ್ನಾಮವಾದವು. ತೋಳವಿಲ್ಲದೆ ಎಲ್ಕ್ ಎಂಬ ಜಿಂಕೆಗಳು ಮಿತಿಮೀರಿದಾಗ ಸಿಬ್ಬಂದಿಯೇ ಅವುಗಳನ್ನು ಗುಂಡಿಟ್ಟು ಕೊಲ್ಲಬೇಕಾಯಿತು. ಕೊನೆಗೆ 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಬಿಡಲಾಯಿತು. ಇಂದು ವ್ಯಾನಿನವರು ದುರ್ಬೀನು ಹಿಡಿದು ನೋಡುವುದು ಅವುಗಳ ಸಂತತಿಯನ್ನು.

ಕರಡಿಗಳ ಕಥೆ ಇನ್ನೂ ನಾಚಿಕೆಗೇಡು. ಹೋಟೆಲುಗಳ ಎಂಜಲು ಸುರಿಯುವ ತಿಪ್ಪೆಗಳ ಎದುರು ಬೆಂಚುಗಳನ್ನಿಟ್ಟು, ಎಂಜಲು ತಿನ್ನುವ ಕರಡಿಗಳನ್ನು ಪ್ರವಾಸಿಗರಿಗೆ ತೋರಿಸಲಾಗುತ್ತಿತ್ತು. ಕೊನೆಯ ತಿಪ್ಪೆ ಮುಚ್ಚಿದ್ದು 1970ರಲ್ಲಿ. ಎಂಜಲಿಗೆ ಒಗ್ಗಿದ ಕರಡಿಗಳು ಜನರಿರುವ ಕಡೆ ನುಗ್ಗಿ ಕೊಲ್ಲಲ್ಪಟ್ಟವು. 1975ರಲ್ಲಿ ಗ್ರಿಜ್ಲಿಯನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು. 'ಮಾರ್ನಿಂಗ್ ಗ್ಲೋರಿ' ಎಂಬ ನೀಲಿ ಬಿಸಿನೀರಿನ ಕೊಳಕ್ಕೆ ಪ್ರವಾಸಿಗರು ಎಸೆದ ನಾಣ್ಯ, ಕಸಗಳಿಂದ ಒಳಬಾಯಿ ಕಟ್ಟಿಕೊಂಡು, ನೀರು ತಣಿದು, ನೀಲಿಯ ಜಾಗದಲ್ಲಿ ಹಳದಿ, ಹಸಿರು ಬಣ್ಣಗಳು ಹರಡಿವೆ. 2016ರಲ್ಲಿ ಪ್ರವಾಸಿಗರಿಬ್ಬರು, ಬೈಸನ್ ಕರುವಿಗೆ ಚಳಿಯಾಗುತ್ತಿದೆಯೆಂದು ಭಾವಿಸಿ ಅದನ್ನು ತಮ್ಮ ವಾಹನದೊಳಗೆ ಹಾಕಿಕೊಂಡು ಬಂದರು. ಹಿಂಡು ಆ ಕರುವನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ. ಕೊನೆಗೆ ಅದನ್ನು ಸಾಯಿಸಬೇಕಾಯಿತು. ಕಾಡನ್ನು ಕಿಟಕಿಯಿಂದಷ್ಟೇ ಬಲ್ಲವರ ಕರುಣೆಯೂ ಕಾಡಿಗೆ ಮಾರಕವಾಗಬಲ್ಲದು.

ಬೈಸನ್‌ಗಳ ಮಾತು ಇಷ್ಟಕ್ಕೇ ಮುಗಿಯುವುದಿಲ್ಲ. ಬೇಸಿಗೆಯಲ್ಲಿ ರಸ್ತೆಗೆ ಅಡ್ಡ ನಿಂತು ಚಿತ್ರಗಳಲ್ಲಿ ಸೆರೆಯಾಗುವ ಈ ಪ್ರಾಣಿಗಳು ಚಳಿಗಾಲದಲ್ಲಿ ಹಿಮ ದಟ್ಟವಾದಾಗ ಮೇವು ಹುಡುಕುತ್ತ ತಗ್ಗಿನ ಪ್ರದೇಶಗಳಿಗೆ ಇಳಿಯುತ್ತವೆ. ಉದ್ಯಾನದ ಗಡಿ ಎಲ್ಲಿದೆಯೆಂದು ಅವಕ್ಕೆ ತಿಳಿಯದು. ಬ್ರುಸೆಲ್ಲೋಸಿಸ್ ಎಂಬ ರೋಗ ದನಗಳಿಗೆ ತಗಲೀತೆಂಬ ಭಯದಿಂದ ಗಡಿಯ ಬಳಿ ಅವುಗಳನ್ನು ಹಿಡಿದು ಕಸಾಯಿಖಾನೆಗೆ ಸಾಗಿಸಲಾಗುತ್ತದೆ. 2007-08ರ ಒಂದೇ ಚಳಿಗಾಲದಲ್ಲಿ ಹೀಗೆ 1,600ಕ್ಕೂ ಹೆಚ್ಚು ಬೈಸನ್‌ಗಳನ್ನು ಕಳೆಯಲಾಯಿತು. ಆ ರೋಗ ಬೈಸನ್‌ಗಳಿಗೆ ಬಂದದ್ದು ದನಗಳಿಂದಲೇ ಎಂಬುದು ಇಲ್ಲಿನ ವ್ಯಂಗ್ಯ. ಈ ಕೊಲೆಗೆ ಪರ್ಯಾಯವನ್ನು ತೋರಿಸಿದವರು ಯಾರು? ಹೊರಗಟ್ಟಲ್ಪಟ್ಟ ಬುಡಕಟ್ಟುಗಳವರೇ. ರೋಗವಿಲ್ಲವೆಂದು ಖಚಿತವಾದ ಬೈಸನ್‌ಗಳನ್ನು ತಮ್ಮ ನೆಲಕ್ಕೆ ಕೊಡಿರೆಂದು ಅವರು ಪಟ್ಟುಹಿಡಿದುದರಿಂದ, 2019ರಿಂದೀಚೆಗೆ ಮೊಂಟಾನಾದ ಫೋರ್ಟ್ ಪೆಕ್ ಮೀಸಲು ಪ್ರದೇಶದ ಮೂಲಕ ನೂರಾರು ಬೈಸನ್‌ಗಳು ಬುಡಕಟ್ಟುಗಳ ಹುಲ್ಲುಗಾವಲುಗಳನ್ನು ಸೇರಿವೆ.

ಇತ್ತ ವಾಹನಗಳ ಕಥೆ ಬೇರೆ. 1915ರಲ್ಲಿ ಮೋಟಾರು ಕಾರುಗಳಿಗೆ ಬಾಗಿಲು ತೆರೆಯಲಾಯಿತು. 2024ರಲ್ಲಿ ಉದ್ಯಾನಕ್ಕೆ 47 ಲಕ್ಷಕ್ಕೂ ಹೆಚ್ಚು ಭೇಟಿಗಳು ದಾಖಲಾದವು. ಕೆಲವು ನೂರು ತುಕುಡಿಕಾ ಜನರನ್ನು ಹೊರಲಾರದಾಯಿತೆಂದು ಹೇಳಲಾದ ಕಾಡು ಇಂದು ಲಕ್ಷಾಂತರ ವಾಹನಗಳನ್ನು ಹೊರಬಲ್ಲದೆಂದು ನಂಬಬೇಕೇ?

ಮಲೆನಾಡಿಗೆ ಬಂದ ಅಚ್ಚು

ಭಾರತದ ಮೊದಲ ರಾಷ್ಟ್ರೀಯ ಉದ್ಯಾನ, ಇಂದಿನ ಕಾರ್ಬೆಟ್, ಸ್ಥಾಪನೆಯಾದದ್ದು 1936ರಲ್ಲಿ, ಬ್ರಿಟಿಷರ ಕಾಲದಲ್ಲಿ. ಯೆಲ್ಲೋಸ್ಟೋನ್ ಕಾನೂನಿಗೆ ಸರಿಯಾಗಿ ನೂರು ವರ್ಷ ತುಂಬಿದ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಆ ಕಾಯಿದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದ ಅಂತಿಮ ಘೋಷಣೆಗೆ ಮುನ್ನ ಒಳಗಿನ ಜನರ ಹಕ್ಕುಗಳನ್ನೆಲ್ಲ ಇತ್ಯರ್ಥಗೊಳಿಸಿ ನೆಲವನ್ನು ಸರ್ಕಾರದ ವಶಕ್ಕೆ ತರಬೇಕು. ಜಾನುವಾರು ಮೇಯುವಂತಿಲ್ಲ. ಆದರೆ ಪರವಾನಗಿ ಪಡೆದ ಪ್ರವಾಸಿಗರು ಒಳಗೆ ಬರಬಹುದು. ದನ ಹೊರಗೆ, ಜೀಪು ಒಳಗೆ! ಅಚ್ಚು ಎಲ್ಲಿಂದ ಬಂದಿತೆಂದು ಬೇರೆ ಹೇಳಬೇಕಾಗಿಲ್ಲ.

ಕುದುರೆಮುಖವನ್ನು ರಾಷ್ಟ್ರೀಯ ಉದ್ಯಾನವಾಗಿಸುವ ಮೊದಲ ಅಧಿಸೂಚನೆ ಹೊರಟದ್ದು 1987ರಲ್ಲಿ, ಅಂತಿಮ ಅಧಿಸೂಚನೆ 2001ರಲ್ಲಿ. ಅದೇ ಶೋಲಾ ಕಾಡು, ಹುಲ್ಲುಗಾವಲುಗಳ ನಡುವೆ ಕಬ್ಬಿಣದ ಅದಿರಿನ ಗಣಿ ಬೆಟ್ಟವನ್ನು ಬಗೆಯುತ್ತ, ಭದ್ರೆಗೆ ಹೂಳು ತುಂಬುತ್ತಿತ್ತು. ಜನರ ಹೋರಾಟ, 2002ರ ಸುಪ್ರೀಂ ಕೋರ್ಟಿನ ತೀರ್ಪುಗಳಿಂದಾಗಿ 2005ರ ಕೊನೆಗೆ ಗಣಿ ನಿಂತಿತು. ಅದು ಗೆಲುವೇ ಸರಿ. ಆದರೆ ಗಣಿಯ ಬೃಹತ್ ಯಂತ್ರಗಳಿಗೆ ಒದಗಿದಷ್ಟು ಸಮಯ, ಸಹನೆ ಗದ್ದೆ ತೋಟಗಳ ಸಣ್ಣ ಹಿಡುವಳಿದಾರರಿಗೆ, ಕೂಲಿಕಾರರಿಗೆ, ಬುಡಕಟ್ಟು ಕುಟುಂಬಗಳಿಗೆ ಒದಗಿತೇ? ಎತ್ತಂಗಡಿಯ ಭಯ ಅವರ ಅಂಗಳದಲ್ಲಿ ದಶಕಗಳಿಂದ ಬಿಡಾರ ಹೂಡಿದೆ. ನಾಗರಹೊಳೆಯಲ್ಲಿ ಜೇನುಕುರುಬರನ್ನು ಕಾಡಿನಿಂದ ಹೊರಗೆ ಹೋಗಿರೆಂದು ಹೇಳುತ್ತಿದ್ದ ಕಾಲದಲ್ಲಿಯೇ ಉದ್ಯಾನದೊಳಗೆ ಹೋಟೆಲ್ ಸಂಸ್ಥೆಯೊಂದಕ್ಕೆ ಜಾಗ ನೀಡಲಾಗಿತ್ತು. ಆದಿವಾಸಿಗಳು ಹೋರಾಡಿದ್ದರಿಂದ 1997ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ತಡೆಯಿತು. ಕಾಡಿನ ಕಾನೂನನ್ನು ಅಂದು ಎತ್ತಿಹಿಡಿದವರು ಕಾಡಿನ ಶತ್ರುಗಳೆಂದು ಕರೆಸಿಕೊಂಡವರೇ.

ಅಚ್ಚನ್ನು ಮುರಿದ ಉದಾಹರಣೆಯೂ ಈ ನಾಡಿನಲ್ಲಿದೆ. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾದಾಗ ಸೋಲಿಗರು ತಮ್ಮ ಪೋಡುಗಳಿಂದ ಎತ್ತಂಗಡಿಯಾದರು. 2006ರ ಅರಣ್ಯ ಹಕ್ಕು ಕಾಯಿದೆಯಡಿ 2011ರಲ್ಲಿ ಅವರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಮೀಸಲು ಪ್ರದೇಶವೊಂದರಲ್ಲಿ ಇಂತಹ ಹಕ್ಕು ದೊರೆತದ್ದು ದೇಶದಲ್ಲೇ ಮೊದಲು. ಋತುವರಿತು ತರಗಿಗೆ ಹಾಕುವ ತೆಳುವಾದ ಬೆಂಕಿಯನ್ನು ಸೋಲಿಗರು ತರಗು ಬೆಂಕಿ ಎನ್ನುತ್ತಾರೆ. ಅದು ನಿಂತ ಮೇಲೆ ಲಂಟಾನ ಪೊದೆ ಕಾಡನ್ನು ಮುಚ್ಚಿತೆಂಬುದು ಅವರ ಅನುಭವ. ಯೆಲ್ಲೋಸ್ಟೋನಿನಲ್ಲೂ ಬುಡಕಟ್ಟಿನವರು ಹಾಕುತ್ತಿದ್ದ ಬೆಂಕಿ ಅವರೊಂದಿಗೇ ಹೊರಟುಹೋಯಿತು. ಆನಂತರ ಬಹುಕಾಲ ಪ್ರತಿ ಬೆಂಕಿಯನ್ನೂ ಆರಿಸಲಾಯಿತು. 1988ರ ಒಣ ಬೇಸಿಗೆಯಲ್ಲಿ ಉದ್ಯಾನದ ಮೂರನೇ ಒಂದಕ್ಕಿಂತ ಹೆಚ್ಚು ಭಾಗಕ್ಕೆ ಬೆಂಕಿ ಹರಡಿತು. ಅಂದಿನ ಬರ, ಗಾಳಿಗಳ ಪಾತ್ರ ಅದರಲ್ಲಿ ದೊಡ್ಡದು. ಆದರೆ ಬೆಂಕಿಯೊಂದಿಗೆ ಬದುಕುವ ವಿದ್ಯೆ ಬಲ್ಲವರು ಅಂದು ಅಲ್ಲಿ ಯಾರೂ ಇರಲಿಲ್ಲವೆಂಬುದು ಮರೆಯಬಾರದ ಸಂಗತಿ.

ಕೇಳಬೇಕಾದದ್ದು

ಈಗ ಎರಡು ಕಡೆಯಿಂದ ಎರಡು ದನಿಗಳು ಮಲೆನಾಡಿಗರನ್ನು ಕರೆಯುತ್ತಿವೆ. ಕಾಡು ಉಳಿಯಬೇಕಾದರೆ ಜನ ಹೊರಗೆ ಹೋಗಬೇಕು ಎನ್ನುತ್ತದೆ ಒಂದು ದನಿ. ಉದ್ಯಾನವೇ ಬೇಡ, ರಸ್ತೆ ಬರಲಿ, ಅಣೆಕಟ್ಟು ಬರಲಿ, ಗಣಿ ಬರಲಿ, ಉದ್ಯೋಗ ಸಿಗುತ್ತದೆ ಎನ್ನುತ್ತದೆ ಇನ್ನೊಂದು. ಮೊದಲನೆಯದು ಹಳ್ಳಿಗನನ್ನು ಕಳೆಯುತ್ತದೆ. ಎರಡನೆಯದು ಹಳ್ಳಿಗನ ನೀರನ್ನು ಕಳೆದು, ಅವನೇ ಹೊರಡುವಂತೆ ಮಾಡುತ್ತದೆ. ಎರಡಕ್ಕೂ ಒಪ್ಪದೆ ನಿಲ್ಲುವುದೇ ಬೆಟ್ಟದ ಜನರ ಮುಂದಿರುವ ದಾರಿ.

ಆ ದಾರಿಯಲ್ಲಿ ಕೇಳಬೇಕಾದದ್ದು ಸ್ಪಷ್ಟವಿದೆ. ಅರಣ್ಯ ಹಕ್ಕು ಕಾಯಿದೆಯಂತೆ ಹಕ್ಕುಗಳನ್ನು ಮೊದಲು ಗುರುತಿಸದೆ, ಗ್ರಾಮಸಭೆಯ ಮುಕ್ತ ಒಪ್ಪಿಗೆಯಿಲ್ಲದೆ ಯಾವ ಕುಟುಂಬವನ್ನೂ ಕದಲಿಸಕೂಡದು. ತಾನಾಗಿ ಹೊರಬರಲು ಬಯಸುವ ಕುಟುಂಬಕ್ಕೆ ನೆಲದ ಬದಲಿಗೆ ನೆಲ ದೊರೆಯಬೇಕು. ಗಣಿ, ಅಣೆಕಟ್ಟು, ಹೆದ್ದಾರಿಗಳಿಗೆ ಕಾಡಿನಲ್ಲಿ ಎಂದೆಂದಿಗೂ ಜಾಗವಿಲ್ಲವೆಂದು ಅದೇ ಗ್ರಾಮಸಭೆಗಳು ಠರಾವು ಮಾಡಬೇಕು. ಜನರ ತಲೆ ಎಣಿಸುವ ಮುನ್ನ ವಾಹನಗಳನ್ನು ಎಣಿಸಬೇಕು. ಬಂಡೀಪುರದ ಹೆದ್ದಾರಿಯಲ್ಲಿ 2009ರಲ್ಲಿ ಜಾರಿಗೆ ಬಂದ ರಾತ್ರಿ ಸಂಚಾರ ನಿಷೇಧ ವಾಹನವನ್ನು ತಡೆಯಲು ಸಾಧ್ಯವೆಂದು ತೋರಿಸಿದೆ. ಪ್ರವಾಸೋದ್ಯಮದ ಮಿತಿಯನ್ನು ಸುತ್ತಲಿನ ಹಳ್ಳಿಗಳೊಡನೆ ಕುಳಿತು ನಿರ್ಧರಿಸಬೇಕು.

ವಿದ್ಯಾರ್ಥಿಗಳ ಪಾಲಿಗೂ ಒಂದು ಕೆಲಸವಿದೆ. ಯೆಲ್ಲೋಸ್ಟೋನಿನ ಜನರನ್ನು ನೆಲದಿಂದ ಅಳಿಸಿದ ಮೇಲೆ ಕಥೆಯಿಂದಲೂ ಅಳಿಸಲಾಯಿತು. ಅವರು ಇರಲೇ ಇಲ್ಲವೆಂಬ ಸುಳ್ಳು ನೂರು ವರ್ಷ ನಡೆದದ್ದು, ಅದಕ್ಕೆದುರಾಗಿ ಬರೆದಿಟ್ಟ ದಾಖಲೆಗಳು ಅಧಿಕಾರದ ಕೈಗೆ ತಲುಪದಿದ್ದುದರಿಂದ. ಆದ್ದರಿಂದ ಪ್ರತಿ ಊರಿನ ಹಿರಿಯರ ಬಳಿ ಕುಳಿತು ಹಾಡಿಗಳ ಹೆಸರು, ದೇವರಕಾಡು, ನಾಗಬನಗಳ ಗಡಿ, ಸೊಪ್ಪಿನ ಬೆಟ್ಟ, ಹಳ್ಳದ ಹೆಸರು, ಕಾಲುದಾರಿ, ಸಮಾಧಿ, ಯಾವ ತಿಂಗಳಲ್ಲಿ ಏನು ಕೊಯ್ಯಬೇಕು, ಏನು ಕೊಯ್ಯಬಾರದು ಎಂಬ ಕಟ್ಟುಪಾಡು, ಇವೆಲ್ಲವನ್ನೂ ಬರೆದು, ನಕ್ಷೆ ಬಿಡಿಸಿ ಗ್ರಾಮಸಭೆಯ ಕಡತಕ್ಕೆ ಸೇರಿಸಬೇಕು. ಅರಣ್ಯ ಹಕ್ಕಿನ ಅರ್ಜಿಗೆ ಹಿರಿಯರ ಹೇಳಿಕೆಯೂ ಕಾನೂನು ಒಪ್ಪುವ ಸಾಕ್ಷ್ಯ. ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು. ನಾಳೆ ಯಾವುದೋ ವ್ಯಾನು ಈ ಬೆಟ್ಟವನ್ನು ಹತ್ತಿ ಬಂದು, ಇಲ್ಲಿ ಯಾರೂ ಇರಲಿಲ್ಲವಂತೆ ಎಂದು ಯಾರಾದರೂ ಹೇಳಿದರೆ, ಇದ್ದರು, ಇದ್ದಾರೆ ಎಂದು ತೋರಿಸಲು ಆ ಕಡತ ಬೇಕು.